ಯಾರೂ ಬಿತ್ತದ 120 ಗ್ರಾಂ

ಹಾವೇರಿ ಸೀಮೆಯ ಎರೆ ಹೊಲವೊಂದರಲ್ಲಿ ಹತ್ತಿ ಬಿಡಿಸುತ್ತಿದ್ದ ಹಿರಿಯರು ಹಸಿರು ಕಾಯಿಯೊಂದನ್ನು ಸೀಳಿ ನನ್ನ ಮುಂದೆ ಹಿಡಿದರು. ಹೊರಗೆ ಗಾಯವೇ ಕಾಣದು. ಒಳಗೆ ಗುಲಾಬಿ ಬಣ್ಣದ ಹುಳು, ಕಂದು ತಿರುಗಿ ಅಂಟಿಕೊಂಡ ಅರಳೆ. ‘ಬಿಟಿ ಬಂದ ಹೊಸತರಾಗ ಕಾಯಿಹುಳಕ್ಕ ಎಣ್ಣಿ ಹೊಡದಿದ್ದಿಲ್ರಿ. ಈಗ ಮತ್ತ ಪಂಪು ಹೊತ್ತೀವಿ’ ಎಂದರು. ಬೀಜದ ಜತೆ ಬರುತ್ತಿದ್ದ ಸಣ್ಣ ಪೊಟ್ಟಣವನ್ನು ಅವರು ಒಮ್ಮೆಯೂ ಬಿತ್ತಿರಲಿಲ್ಲ. ಅಕ್ಕಪಕ್ಕದವರೂ ಬಿತ್ತಿರಲಿಲ್ಲ.

ಆ ಪೊಟ್ಟಣವೇ ನನ್ನನ್ನು ಹಿಡಿದು ಕೂರಿಸಿದೆ. ಕಾಯಿಹುಳು ಕೊಲ್ಲುವ ಜೀನು ಸೇರಿಸಿದ 450 ಗ್ರಾಂ ಬಿಟಿ ಬೀಜಕ್ಕೆ 120 ಗ್ರಾಂ ಸಾದಾ ಹತ್ತಿ ಬೀಜ. ಹೊಲದ ಅಂಚಿಗೆ ಬಿತ್ತಿ ಹುಳುಗಳಿಗೆ ಬಿಟ್ಟುಕೊಡಬೇಕಿತ್ತು. ಅಲ್ಲಿ ಬೆಳೆದ ಪತಂಗಗಳು ಬಿಟಿಯನ್ನು ಅರಗಿಸಿಕೊಂಡ ಪತಂಗಗಳ ಜತೆ ಕೂಡಿದರೆ ಹುಟ್ಟುವ ಮರಿಗಳು ಬಿಟಿಗೆ ಸಾಯುತ್ತವೆ. ಹಸಿರು ಕಾಯಿಕೊರಕದ ಮೇವಿಗೆ ತೊಗರಿ, ಕಡಲೆಯೂ ಆದೀತು. ಗುಲಾಬಿ ಹುಳುವಿಗೆ ಹೆಚ್ಚುಕಡಿಮೆ ಹತ್ತಿಯೊಂದೇ ಗತಿ, ಅದಕ್ಕೇ ಸಾದಾ ಹತ್ತಿಯೇ ಬೇಕು. ಚೀನಾದ ರೈತರು ಮಿಶ್ರತಳಿಯ ಎರಡನೇ ಪೀಳಿಗೆಯ ಬೀಜ ಬಿತ್ತಿದಾಗ ಸುಮಾರು ಕಾಲು ಭಾಗ ಗಿಡಗಳು ತಾವಾಗಿಯೇ ಸಾದಾ ಹತ್ತಿಯಾದವು, ಹುಳುವಿನ ಸೊಕ್ಕೂ ಇಳಿಯಿತು. ನಮ್ಮಲ್ಲಿ ಈ ಕೆಲಸವನ್ನು ಉದ್ರಿ ತಂದು ಎರಡೆಕರೆ ಬಿತ್ತುವವನ ಹೆಗಲಿಗೆ ಹಾಕಲಾಯಿತು. ಹುಳು ತಿಂದ ಸಾಲಿನ ನಷ್ಟ ಯಾರೂ ಕಟ್ಟಿಕೊಡಲಿಲ್ಲ. ಪೊಟ್ಟಣ ಬಿತ್ತದಿರುವುದನ್ನು ರೈತರ ಅಜ್ಞಾನ ಎನ್ನುವ ಮಾತು ಅನ್ಯಾಯದ್ದು.

1998ರಲ್ಲಿ ನಂಜುಂಡಸ್ವಾಮಿಯವರ ರೈತ ಸಂಘ ಬಿಟಿ ಹತ್ತಿಯ ಪ್ರಯೋಗದ ಬೆಳೆ ಸುಟ್ಟದ್ದು, 2002ರಲ್ಲಿ ಆ ಹತ್ತಿಗೆ ಸಿಕ್ಕ ಅನುಮತಿ, 2006ರಲ್ಲಿ ಬಂದ ಎರಡು ಜೀನಿನ ಬೋಲ್‌ಗಾರ್ಡ್-2, ಎಲ್ಲವೂ ಓದುಗರಿಗೆ ಗೊತ್ತಿದ್ದದ್ದೇ. ಆರಂಭದ ಲಾಭ ಮಾತ್ರ ಸುಳ್ಳಲ್ಲ. ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ರೈತ ಕುಟುಂಬಗಳ ಲೆಕ್ಕ ಹಿಡಿದು ಕಠಾಗೆ ಮತ್ತು ಖೈಮ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಟಿಯಿಂದ ಎಕರೆ ಇಳುವರಿ ಶೇ 24, ಹತ್ತಿಯ ಲಾಭ ಶೇ 50 ಏರಿತ್ತು. 2006–08ರಲ್ಲಿ ಮನೆಯ ಅನುಭೋಗ ವೆಚ್ಚವೂ ಶೇ 18 ಹೆಚ್ಚಿತ್ತು. ಬಡವರ ಮನೆಯಲ್ಲಿ ಅದು ದೊಡ್ಡ ಮಾತು. ಆದರೆ 2020ರಲ್ಲಿ ಕ್ರಾಂತಿ ಮತ್ತು ಸ್ಟೋನ್ ದೀರ್ಘಾವಧಿಯ ಲೆಕ್ಕ ತೆಗೆದಾಗ ರೈತರು ಬಿಟಿಗೆ ಮುಂಚಿನದಕ್ಕಿಂತ ಹೆಚ್ಚು ಹಣವನ್ನು ಕೀಟನಾಶಕಕ್ಕೆ ಸುರಿಯುತ್ತಿದ್ದರು.

ಜೀನಿನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಮಿಶ್ರತಳಿಯೊಳಗೆ ಕೂಡಿಹಾಕಿದ್ದರಿಂದ ಬೀಜವನ್ನು ಪ್ರತಿವರ್ಷ ಕೊಳ್ಳಲೇಬೇಕು. ಬೆಳೆ ತಿಂಗಳುಗಟ್ಟಲೆ ಹೊಲದಲ್ಲಿ ನಿಲ್ಲುತ್ತದೆ, ಹುಳುವಿಗೆ ಪೀಳಿಗೆಯ ಮೇಲೆ ಪೀಳಿಗೆ ಮೇವು. ಬೇಗ ಕೊಯ್ಲಿಗೆ ಬರುವ, ರೈತ ಬೀಜ ಉಳಿಸಿಕೊಳ್ಳಬಲ್ಲ ತಳಿಯಲ್ಲಿ ಅದೇ ಜೀನನ್ನು ಕೊಟ್ಟಿದ್ದರೆ ಸಾಲವೂ ಕಡಿಮೆಯಾಗುತ್ತಿತ್ತು, ಹುಳುವಿಗೂ ಅಷ್ಟು ಕಾಲಾವಕಾಶ ಸಿಗುತ್ತಿರಲಿಲ್ಲ. ಈಗ ಸಾದಾ ಬೀಜವನ್ನು ಬಿಟಿ ಬೀಜದಲ್ಲೇ ಬೆರೆಸಿ ಕೊಡುತ್ತಿದ್ದಾರೆ. ಗುಲಾಬಿ ಹುಳು ಎರಡೂ ಜೀನುಗಳನ್ನು ಗೆದ್ದ ಮೇಲೆ ಬಂದ ಏರ್ಪಾಡು ಇದು. 2002ರಲ್ಲೇ ಹೀಗೆ ಬೆರೆಸಿ ಕೊಡಬೇಕಿತ್ತು.