ಡಿಕ್ಕಿಯೊಳಗಿನ ಮಂದ್ರ

ಶನಿವಾರ ಮಧ್ಯಾಹ್ನ ಬೆಂಗಳೂರಿನ ಪುರಭವನದಿಂದ ಮಿನರ್ವ ಸರ್ಕಲ್ ಕಡೆಗೆ ಜೆ.ಸಿ. ರಸ್ತೆಯಲ್ಲಿ ನಡೆದರೆ, ಅಂಗಡಿಗಳ ಮುಂದೆ ಕಾರುಗಳು ಅರೆಬರೆ ಬಿಚ್ಚಿಕೊಂಡು ನಿಂತಿರುತ್ತವೆ. ಒಂದರ ಬಾಗಿಲ ಪ್ಯಾನೆಲ್ಲು ಕಳಚಿ ಹಿಂದಿನ ಸೀಟಿಗೆ ಒರಗಿದೆ. ಇನ್ನೊಂದರ ಡ್ಯಾಶ್‌ಬೋರ್ಡಿನಿಂದ ಬಣ್ಣಬಣ್ಣದ ವೈರುಗಳು ಜೋತುಬಿದ್ದಿವೆ. ಸೀಟ್ ಕವರು, ಹಾರ್ನು, ಫಾಗ್ ಲ್ಯಾಂಪುಗಳ ಸಾಲಿನ ಯಾವುದೋ ಮೂಲೆಯಿಂದ ಮಂದ್ರದ ಹೊಡೆತವೊಂದು ಏಳುತ್ತದೆ. ಕಿವಿಗಿಂತ ಮೊದಲು ಎದೆಗೆ ತಿಳಿಯುತ್ತದೆ. ಕಾರಿನ ಸೌಂಡಿನ ಹುಚ್ಚು ಹತ್ತಿದವರು ಬಂದು ಸೇರುವ ಬೀದಿ ಇದು.

ಕೌಂಟರಿನ ಮೇಲೆ 12 ಇಂಚಿನ ಎರಡು ಸಬ್‌ವೂಫರ್‌ಗಳು. ಒಂದಕ್ಕೆ ಥಳಥಳಿಸುವ ಉಂಗುರ, ಡಬ್ಬದ ಮೇಲೆ ಕೆಂಪಕ್ಷರದಲ್ಲಿ 1500 ವಾಟ್. ಇನ್ನೊಂದು ಬರೀ ಕಪ್ಪು, ಎತ್ತಿದರೆ ಕೈ ಜಗ್ಗುತ್ತದೆ. ಹೊಸಬರು ಮುಂಭಾಗ ನೋಡಿ ಮನಸೋಲುತ್ತಾರೆ. ಪಳಗಿದವರು ಎರಡನ್ನೂ ಬೋರಲು ಹಾಕುತ್ತಾರೆ.

“ಅಣ್ಣ, ಡಬ್ಬದ ಮೇಲಿನ ನಂಬರ್ ಬಿಡಿ. ಆರ್‌ಎಂಎಸ್ ಎಷ್ಟು?”

“ಅದು 300 ಸಾರ್. ಆದ್ರೂ ಹೊಡೆತ ಜೋರಾಗಿದೆ.”

ಒಂದು ಗಳಿಗೆ ಚಿಮ್ಮುವ ಶಕ್ತಿಗೂ ಗಂಟೆಗಟ್ಟಲೆ ತಾಳಿಕೊಳ್ಳುವ ಶಕ್ತಿಗೂ ಇಷ್ಟು ಅಂತರ. ನೋಡಬೇಕಾದ್ದೆಲ್ಲ ಇರುವುದು ಹಿಂಬದಿಯಲ್ಲೇ. ಅಗ್ಗದ್ದರ ಚೌಕಟ್ಟು ಒತ್ತಿ ತೆಗೆದ ತೆಳು ತಗಡು. ಸ್ಕ್ರೂ ಬಿಗಿಯುವಾಗಲೇ ಸೊಟ್ಟಗಾಗುವಂಥದ್ದು. ಒಳ್ಳೆಯದರದ್ದು ಎರಕದ ಅಲ್ಯೂಮಿನಿಯಂ, ಕಾಲುಗಳು ದಪ್ಪ. ಆ ಕಾಲುಗಳ ಸಂದಿಯಲ್ಲಿ ಕಣ್ಣಿಟ್ಟರೆ ನಿರಿಗೆ ನಿರಿಗೆಯಾದ ಬಟ್ಟೆಯ ಬಿಲ್ಲೆ ಕಾಣುತ್ತದೆ. ಅದಕ್ಕೆ ಸ್ಪೈಡರ್ ಎನ್ನುತ್ತಾರೆ. ಗಾಳಿ ತಳ್ಳುವ ಕೋನಿಗೆ ಅಂಟಿದ ತಂತಿಯ ಸುರುಳಿ, ಅಂದರೆ ಕಾಯಿಲ್, ಮ್ಯಾಗ್ನೆಟ್ಟಿನ ಕಿರಿದಾದ ಸಂದಿಯಲ್ಲಿ ಅತ್ತಿತ್ತ ವಾಲದೆ ನೇರ ಹೋಗಿ ಬರುವಂತೆ ಹಿಡಿದಿಡುವುದು ಮುಖ್ಯವಾಗಿ ಅದೇ. ಅಂಚಿನಲ್ಲಿ ಅಂಟು ಒಂದೇ ಸಮ ಹರಡಿದೆಯೇ, ಕಾಯಿಲಿಗೆ ಹೋಗುವ ಹೆಣೆದ ತಂತಿ ಸ್ಪೈಡರಿಗೇ ಹೊಲಿದಿದೆಯೇ, ಸಡಿಲ ಬಿಟ್ಟು ಕೋನಿಗೆ ಬಡಿಯುವಂತಿದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಎರಡೂ ಕೈಬೆರಳುಗಳಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಬೇಕು. ಸದ್ದಿಲ್ಲದೆ ಇಳಿದು ಮೇಲೆ ಬಂದರೆ ಸರಿ. ಮರಳು ಉಜ್ಜಿದಂತೆ ಕರಕರ ಎಂದರೆ ಕಾಯಿಲ್ ತಾಗುತ್ತಿದೆ. ಎಷ್ಟು ಕಡಿಮೆಗೆ ಕೊಟ್ಟರೂ ಅದು ಬೇಡ.

ಮೃದಂಗ ನುಡಿಸುವವರು ಕಛೇರಿಗೆ ಮೊದಲು ಎಡದ ಮುಚ್ಚಿಗೆಗೆ ರವೆಯ ಕಣಕ ಮೆತ್ತುವುದನ್ನು ಕಂಡವರಿಗೆ ಸಬ್‌ವೂಫರಿನ ಗುಟ್ಟು ಅರ್ಧ ತಿಳಿದ ಹಾಗೆಯೇ. ತೂಕ ಕೂಡಿದರೆ ಕಂಪನ ನಿಧಾನವಾಗುತ್ತದೆ, ಸ್ವರ ಕೆಳಗಿಳಿಯುತ್ತದೆ. ಸಬ್ಬಿನ ಕೋನು ಭಾರವಾಗಿರುವುದೂ ಅದಕ್ಕೇ. ಆದರೆ ಭಾರದ್ದನ್ನು ನಡೆಸುವುದಕ್ಕಿಂತ ತಡೆದು ನಿಲ್ಲಿಸುವುದು ಕಷ್ಟ, ನನ್ನ ಮಟ್ಟಿಗೆ ಸಬ್ಬಿನ ಯೋಗ್ಯತೆ ತಿಳಿಯುವುದು ಅಲ್ಲೇ. ಡೊಳ್ಳಿನ ಹಾಡು ಹಾಕಿ ಕೇಳಿ. ಒಂದು ಪೆಟ್ಟು ಮುಗಿದು ಮುಂದಿನದು ಬೀಳುವ ನಡುವೆ ತೆರಪು ಕೇಳಿಸಬೇಕು. ಬಲವಾದ ಮ್ಯಾಗ್ನೆಟ್ಟು, ಗಟ್ಟಿ ಸ್ಪೈಡರು, ತಕ್ಕ ಪೆಟ್ಟಿಗೆ ಮೂರೂ ಕೂಡಿದರೆ ಆ ತೆರಪು ಉಳಿಯುತ್ತದೆ. ಇಲ್ಲದಿದ್ದರೆ ಡೊಳ್ಳೂ ಬಾಸ್ ಗಿಟಾರೂ ಒಂದೇ ಗುಂಯ್‌ಗುಡುವಿಕೆಯಲ್ಲಿ ಕಲಸಿಹೋಗುತ್ತವೆ.

ಕೆಟ್ಟ ಸ್ಪೀಕರಿಗೆ ಕಾಯಿಲ್ ಸುತ್ತಿಕೊಡುವವರ ಮೇಜಿನ ಮೇಲೆ ಸಬ್ಬಿನ ಇನ್ನೊಂದು ಮುಖವಿದೆ. ಸುಟ್ಟ ಕಾಯಿಲ್ ಕಡುಗಪ್ಪಾಗಿ, ತಂತಿಯ ಸುತ್ತುಗಳು ಬಿಚ್ಚಿಕೊಂಡು, ಸುಟ್ಟ ವಾರ್ನಿಷಿನ ಗಾಟು ಹೊಡೆಯುತ್ತಿರುತ್ತದೆ. ಆಂಪ್ಲಿಫೈಯರ್, ಅಂದರೆ ಆಂಪ್, ಕೊಡುವ ಶಕ್ತಿಯಲ್ಲಿ ಸದ್ದಾಗುವುದು ನೂರಕ್ಕೆ ಒಂದೆರಡು ಪಾಲು, ಉಳಿದದ್ದೆಲ್ಲ ಬಿಸಿ. ತಾಮ್ರದ ಕಾಯಿಲ್ 200 ಡಿಗ್ರಿ ಮುಟ್ಟಿದರೆ ಅದರ ರೋಧ ಸುಮಾರು 1.7 ಪಟ್ಟಾಗುತ್ತದೆ, ವಾಲ್ಯೂಮ್ ಏರಿಸಿದರೂ ಸದ್ದು ಏರದೆ ಸೊರಗುತ್ತದೆ. ಕಾಯಿಲ್ ಅಗಲವಾಗಿರುವುದು, ಅಲ್ಯೂಮಿನಿಯಂ ಕೊಳವೆಯ ಮೇಲೆ ಸುತ್ತಿರುವುದು, ಮ್ಯಾಗ್ನೆಟ್ಟಿನ ಹಿಂದೆ ಗಾಳಿಕಿಂಡಿ ಇರುವುದು, ಎಲ್ಲ ಆ ಬಿಸಿಯನ್ನು ಹೊರಹಾಕುವುದಕ್ಕೆ.

ಸಬ್ ಕೂರಿಸುವ ಪೆಟ್ಟಿಗೆಗೆ 18 ಮಿಲಿಮೀಟರ್ ಎಂಡಿಎಫ್ ಹಲಗೆ ಸಾಮಾನ್ಯ. ಕೂಡುಗಳಿಗೆ ಧಾರಾಳ ಅಂಟು, ಮೇಲೆ ಸ್ಕ್ರೂ. ಎಲ್ಲೂ ಗಾಳಿ ಸೋರಬಾರದು. ಎಷ್ಟು ಲೀಟರಿನ ಪೆಟ್ಟಿಗೆ ಬೇಕೆಂಬುದನ್ನು ಅಂದಾಜಿಗೆ ಬಿಡದೆ ಲೆಕ್ಕಕ್ಕೆ ತಂದವರು ಆಸ್ಟ್ರೇಲಿಯಾದ ನೆವಿಲ್ ಥೀಲ್. 1961ರ ಅವರ ಪ್ರಬಂಧವನ್ನು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದರು. ಒಳ್ಳೆಯ ಸಬ್ಬಿನ ಜೊತೆ ಬರುವ ಹಾಳೆಯಲ್ಲಿ ಇಂದಿಗೂ ಇಬ್ಬರ ಹೆಸರಿನ ಅಂಕಿಗಳೇ ಇರುತ್ತವೆ. ಹಾಗಿದ್ದೂ ಯಾವುದೋ ರೆಡಿಮೇಡ್ ಪೆಟ್ಟಿಗೆಗೆ ಯಾವುದೋ ಸಬ್ ಕೂರಿಸಿ ಕಳಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಗಾಳಿ ಓಡಾಡಲು ಪೋರ್ಟ್ ಇಟ್ಟ ಪೆಟ್ಟಿಗೆಯ ಅಬ್ಬರ ದೊಡ್ಡದು, ನಿಜ. ಆದರೆ ಕಾರಿನ ಮಟ್ಟಿಗೆ ನನ್ನ ಓಟು ಮುಚ್ಚಿದ ಪೆಟ್ಟಿಗೆಗೆ. 40 ಹರ್ಟ್ಸಿನ ಅಲೆಯ ಉದ್ದವೇ ಸುಮಾರು ಎಂಟೂವರೆ ಮೀಟರು. ಅಷ್ಟು ದೊಡ್ಡ ಅಲೆ ಹಿಡಿಸದ ಪುಟ್ಟ ಕೋಣೆಯಾದ ಕಾರು ತಾನೇ ಕೆಳಗಿನ ಸ್ವರಗಳನ್ನು ಎತ್ತಿಕೊಡುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. 12 ವೋಲ್ಟಿನ ಬ್ಯಾಟರಿಯಿಂದ 1000 ವಾಟ್ ಪಡೆಯಬೇಕಾದರೆ ಹೆಚ್ಚುಕಡಿಮೆ 100 ಆಂಪಿಯರ್ ಹರಿಯಬೇಕು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರನ್ನು ತಾಮ್ರದ್ದೆಂದು ನಂಬಿ ಅದೇ ದಪ್ಪದ್ದನ್ನು ಎಳೆದರೆ ಅದು ಬಿಸಿಯಾಗುತ್ತದೆ. ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಲೇಬೇಕು, ಇಲ್ಲದಿದ್ದರೆ ಎಲ್ಲಾದರೂ ವೈರು ಸವೆದು ಬಾಡಿಗೆ ತಾಗಿದ ದಿನ ಕಾರೇ ಹೊತ್ತಿಕೊಂಡೀತು.

ಸಂಜೆ ಹೊತ್ತಿಗೆ ಸೀಟು, ಸ್ಟೆಪ್ನಿ ಎಲ್ಲ ಸ್ವಸ್ಥಾನಕ್ಕೆ ಬರುತ್ತವೆ. ಮೊದಲ ಹಾಡಿಗೇ ನಂಬರ್ ಪ್ಲೇಟು ಗಡಗಡ ಎನ್ನುತ್ತದೆ. ಫಿಟ್ ಮಾಡುವ ಹುಡುಗ ಅದರ ಹಿಂದೆ ಫೋಮ್ ಪಟ್ಟಿ ಅಂಟಿಸುತ್ತಾನೆ. ಡಿಕ್ಕಿಯ ಬಾಗಿಲಿನ ತಗಡಿಗೂ ಕಪ್ಪು ಡ್ಯಾಂಪಿಂಗ್ ಹಾಳೆ ಒತ್ತುತ್ತಾನೆ. ಸದ್ದು ಕಾರಿನೊಳಗೇ ತುಂಬಿಕೊಳ್ಳಬೇಕು, ಬೀದಿಯವರ ಕಿಟಕಿ ನಡುಗಿಸುವುದು ಈ ಹವ್ಯಾಸಕ್ಕೆ ಕೆಟ್ಟ ಹೆಸರು.

“ಗೇನ್ ಇನ್ನೊಂಚೂರು ಏರ್ಸಪ್ಪ,” ಎನ್ನುತ್ತಾರೆ ಕಾರಿನವರು.

ಹುಡುಗ ಸ್ಕ್ರೂಡ್ರೈವರ್ ಹಿಡಿದು ಆಂಪಿನ ಗೇನನ್ನು ಕಾಲು ಸುತ್ತು ಹಿಂದಕ್ಕೇ ತಿರುಗಿಸುತ್ತಾನೆ. “ಇಷ್ಟೇ ಇರ್ಲಿ ಸಾರ್. ಮೇಲೆ ಹೋದ್ರೆ ಕ್ಲಿಪ್ ಆಗುತ್ತೆ, ಕಾಯಿಲ್ ಸುಟ್ಟೋಗುತ್ತೆ.”