ಸ್ಟೀಲ್ ಸಿಂಕ್‌ಗೆ ತೂತು ಕೊರೆಯುವ ಮುನ್ನ ಹ್ಯಾಮರ್ ಆಫ್ ಮಾಡಿ

ರೆಡಿ ತೂತಿಲ್ಲದ ಸ್ಟೀಲ್ ಸಿಂಕ್‌ಗೆ ನಲ್ಲಿ ಕೂರಿಸಲು ಸಾಮಾನ್ಯವಾಗಿ 35 ಮಿ.ಮೀ. ತೂತು ಬೇಕು. ಇದಕ್ಕೆ ಕಾರ್ಬೈಡ್ ಹಲ್ಲಿನ ಹೋಲ್ ಸಾ ಒಳ್ಳೇದು. ಆದರೆ ಕಾರ್ಬೈಡ್ ಎಷ್ಟು ಗಟ್ಟಿಯೋ ಅಷ್ಟೇ ಪೆಡಸು; ಪೆಟ್ಟು ಬಿದ್ದರೆ ಹಲ್ಲು ಮುರಿಯುತ್ತೆ. ಹಾಗಾಗಿ ಡ್ರಿಲ್ ಮಷಿನ್‌ನ ಹ್ಯಾಮರ್ ಮೋಡ್ ಮೊದಲು ಆಫ್ ಮಾಡಬೇಕು.

ಗುರುತಿಗೆ ಸೆಂಟರ್ ಪಂಚ್ ಹೊಡೆದು, ಸಿಂಕನ್ನು ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ. ಕೈಯಲ್ಲಿ ಹಿಡಿದು ಕೊರೆದರೆ ಗಿರ್ರನೆ ತಿರುಗಿ ಕೈ ಕೊಯ್ಯುತ್ತೆ. ನಿಮಿಷಕ್ಕೆ 200-300 ಸುತ್ತು ಸಾಕು. ಸ್ಪೀಡ್ ಜಾಸ್ತಿಯಾದರೆ ಹಲ್ಲು ಕಾದು ಬೇಗ ಸವೆಯುತ್ತೆ. ಕಟಿಂಗ್ ಆಯಿಲ್ ಬಿಟ್ಟು, ಮಷಿನ್ ನೆಟ್ಟಗೆ ಹಿಡಿದು, ಹದವಾಗಿ ಒತ್ತಿ.

ಕಣ್ಣಿಗೆ ಸೇಫ್ಟಿ ಕನ್ನಡಕ ಬೇಕೇ ಬೇಕು. ಕೊರೆಯುವಾಗ ಗ್ಲೌಸ್ ಬೇಡ; ತಿರುಗೋ ಹಲ್ಲಿಗೆ ಸಿಕ್ಕಿದರೆ ಬೆರಳನ್ನೂ ಎಳೆಯುತ್ತೆ. ಕೊನೆಗೆ ತೂತಿನ ಚೂಪು ಅಂಚನ್ನು ಅರದಿಂದ ಉಜ್ಜಿ.