ಡಾನ್ ಶೂಲಾ: 347 ಗೆಲುವುಗಳ ಕೋಚ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಸಾಮಾನ್ಯವಾಗಿ ವಾರಕ್ಕೊಂದೇ ಪಂದ್ಯ. ಎನ್‌ಎಫ್‌ಎಲ್ ಲೀಗ್‌ನಲ್ಲಿ ಈಗ ವರ್ಷಕ್ಕೆ 17 ಪಂದ್ಯಗಳಿವೆ. 1977ರವರೆಗೆ ಇದ್ದದ್ದು 14. ಇಷ್ಟು ಕಡಿಮೆ ಆಡುವ ಕ್ರೀಡೆಯಲ್ಲಿ ಡಾನ್ ಶೂಲಾ ಕೋಚ್ ಆಗಿ ಗೆದ್ದದ್ದು, ಪ್ಲೇಆಫ್ (ಲೀಗ್ ಪಂದ್ಯಗಳ ನಂತರದ ನಾಕೌಟ್ ಸುತ್ತು) ಸೇರಿ, 347 ಪಂದ್ಯ. ಹೊಸದಾಗಿ ಕೋಚ್ ಆದವರೊಬ್ಬರು ವರ್ಷವೂ ತಪ್ಪದೆ 11 ಪಂದ್ಯ ಗೆಲ್ಲುತ್ತ ಹೋದರೂ ಅಲ್ಲಿಗೆ ಮುಟ್ಟುವುದು 32ನೇ ವರ್ಷದಲ್ಲಿ. ಸತತವಾಗಿ ಸೋತ ಕೋಚ್‌ನನ್ನು ಎರಡು ಮೂರು ವರ್ಷದಲ್ಲೇ ಮನೆಗೆ ಕಳಿಸುವ ಲೀಗ್‌ನ ಮಾತು ಇದು.

ಆಟಗಾರರಾಗಿ ಅವರದು ದೊಡ್ಡ ಹೆಸರಲ್ಲ. 1930ರಲ್ಲಿ ಒಹಾಯೋ ರಾಜ್ಯದ ಹಂಗೇರಿ ಮೂಲದ ಮನೆಯಲ್ಲಿ ಹುಟ್ಟಿದವರು. 1951ರಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅವರನ್ನು ಆರಿಸುವ ಹೊತ್ತಿಗೆ ಬೇರೆ 109 ಮಂದಿಯ ಹೆಸರು ಆಗಲೇ ಕೂಗಿಯಾಗಿತ್ತು. ಏಳು ವರ್ಷದಲ್ಲಿ ಮೂರು ತಂಡ, 73 ಪಂದ್ಯ. ರಕ್ಷಣೆಯಲ್ಲಿ ನಿಂತು ಎದುರಾಳಿಯ 21 ಪಾಸ್‌ಗಳನ್ನು ಕಸಿದರು. 1963ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ಗೆ ಕೋಚ್ ಆದಾಗ ವಯಸ್ಸು 33. ಹಿಂದೆ ಜೊತೆಗೆ ಆಡಿದ ಕೆಲವರಿಗೇ ಈಗ ಅವರು ಗುರು.

ಮಯಾಮಿ ಡಾಲ್ಫಿನ್ಸ್ 1969ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಮರುವರ್ಷ ಶೂಲಾ ಬಾಲ್ಟಿಮೋರ್ ಬಿಟ್ಟು ಅಲ್ಲಿಗೆ ಬಂದರು, ಹತ್ತು ಗೆದ್ದರು. 1972ರಲ್ಲಿ ಲೀಗ್‌ನ 14, ಪ್ಲೇಆಫ್‌ನ 2, ಅಂತಿಮ ಪಂದ್ಯವಾದ ಸೂಪರ್ ಬೌಲ್ ಸೇರಿ 17ಕ್ಕೆ 17. ಅದೂ ಹೇಗೆ? ಐದನೇ ಪಂದ್ಯದಲ್ಲೇ, ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿಯ ಕಾಲು ಮುರಿಯಿತು. ಬೇರೆ ತಂಡ ಬೇಡವೆಂದು ಬಿಟ್ಟ 38ರ ಅರ್ಲ್ ಮೊರಾಲ್‌ನನ್ನು ಶೂಲಾ ಆ ವರ್ಷ 100 ಡಾಲರ್ ಶುಲ್ಕ ಕಟ್ಟಿ ಕರೆತಂದಿದ್ದರು. ಮುಂದಿನ 11 ಪಂದ್ಯಗಳನ್ನು ಆರಂಭಿಸಿದವನು ಅವನೇ.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಇನ್ನೊಂದು ಲೆಕ್ಕ. 1973ರ ಋತುವಿನ ಸೂಪರ್ ಬೌಲ್‌ನಲ್ಲಿ ಗ್ರೀಸಿ ಎಸೆದದ್ದು ಏಳೇ ಪಾಸ್. ಲ್ಯಾರಿ ಜೋಂಕಾ ಚೆಂಡು ಹೊತ್ತು ನುಗ್ಗುತ್ತಿದ್ದ, ಮಯಾಮಿ 24-7ರಿಂದ ಗೆದ್ದಿತು. ಹನ್ನೊಂದು ವರ್ಷದ ನಂತರ, 1984ರಲ್ಲಿ, ಅದೇ ಕೋಚ್‌ನ ಕೈಕೆಳಗೆ ಕ್ವಾರ್ಟರ್‌ಬ್ಯಾಕ್ ಡಾನ್ ಮರೀನೋ 5,084 ಗಜ ಪಾಸ್ ಎಸೆದು 48 ಟಚ್‌ಡೌನ್ ತಂದ. ಎರಡೂ ಆ ಕಾಲಕ್ಕೆ ಲೀಗ್ ದಾಖಲೆಗಳು. ಆ ಋತುವಿನ ಸೂಪರ್ ಬೌಲ್‌ ಒಂದರಲ್ಲೇ ಅವನು ಎಸೆದದ್ದು 50 ಪಾಸ್. ಓಡುವವರಿದ್ದಾಗ ಶೂಲಾ ಓಡಿಸಿದರು, ಎಸೆಯುವವನು ಸಿಕ್ಕಾಗ ಎಸೆಸಿದರು. ತನ್ನನ್ನು ಗೆಲ್ಲಿಸಿದ ವಿಧಾನವನ್ನು ಹೀಗೆ ಬಿಟ್ಟುಕೊಡುವುದು ಯಾವ ಕೋಚ್‌ಗೂ ಸುಲಭವಲ್ಲ.

ಸೋಲುಗಳೂ ಸಣ್ಣವಲ್ಲ. ಆರು ಸೂಪರ್ ಬೌಲ್‌ಗಳಲ್ಲಿ ಸೋತದ್ದು ನಾಲ್ಕು. ಮರೀನೋನ ಆ 50 ಪಾಸ್‌ಗಳ ಪಂದ್ಯವನ್ನೂ ಸ್ಯಾನ್ ಫ್ರಾನ್ಸಿಸ್ಕೋ 38-16ರಿಂದ ಕಿತ್ತುಕೊಂಡಿತು.

1995ರ ಋತು ಮುಗಿಸಿ ಅವರು ನಿವೃತ್ತರಾದರು. 2020ರ ಮೇ ತಿಂಗಳಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡರು. ಕೋಚ್ ಬಿಲ್ ಬೆಲಿಚಿಕ್‌ನ ನ್ಯೂ ಇಂಗ್ಲೆಂಡ್ ತಂಡ 2007ರ ಋತುವಿನಲ್ಲಿ ಸತತ 18 ಗೆದ್ದು, ಕೊನೆಯ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಮೂರು ಅಂಕದಿಂದ ಮುಗ್ಗರಿಸಿದಾಗ, ಸೋಲಿಲ್ಲದ ಋತು ಎಷ್ಟು ದುರ್ಲಭವೆಂದು ಜಗತ್ತಿಗೆ ಮತ್ತೆ ಗೊತ್ತಾಯಿತು. ಆದರೂ ಶೂಲಾರನ್ನು ಅಳೆಯಲು ನಾನು ಆರಿಸುವ ಅಂಕಿ 17 ಅಲ್ಲ, 2. ಕೋಚ್ ಆಗಿದ್ದ 33 ಋತುಗಳಲ್ಲಿ ಅವರ ತಂಡ ಗೆದ್ದದ್ದಕ್ಕಿಂತ ಹೆಚ್ಚು ಸೋತದ್ದು ಎರಡೇ ಬಾರಿ, 1976ರಲ್ಲಿ ಮತ್ತು 1988ರಲ್ಲಿ.